ಪಟ್ಟಣಂನ ದೋಣಿ ಮತ್ತು ಕ್ರಿ.ಶ. 52

ಜುಲೈ 3ರ ಹಬ್ಬ ಹತ್ತಿರ ಬಂತೆಂದರೆ ನಮ್ಮ ಯುವಜನರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. "ಪ್ರೇಷಿತ ಸಂತ ತೋಮಸರು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದದ್ದು ಕಾರ್ಬನ್ ಡೇಟಿಂಗ್‌ನಿಂದ ಸಾಬೀತಾಗಿದೆ" ಎನ್ನುವುದು ಒಂದು. "ಅಗೆದು ನೋಡಿದ್ದಾರೆ, ಒಂದು ಶಿಲುಬೆಯೂ ಸಿಗಲಿಲ್ಲ, ಎಲ್ಲ ಕಟ್ಟುಕತೆ" ಎನ್ನುವುದು ಇನ್ನೊಂದು. ತಮಾಷೆಯೆಂದರೆ ಎರಡೂ ಸಂದೇಶಗಳು ಮಾತಾಡುವುದು ಒಂದೇ ಊರಿನ ಬಗ್ಗೆ. ಆ ಊರಿನ ಹೆಸರು ಪಟ್ಟಣಂ. ಅಲ್ಲಿ ನಿಜವಾಗಿ ಸಿಕ್ಕಿದ್ದೇನು, ಅದರ ವಯಸ್ಸನ್ನು ಲೆಕ್ಕ ಹಾಕಿದ್ದು ಹೇಗೆ, ಆ ಲೆಕ್ಕ ಎಲ್ಲಿಯವರೆಗೆ ಮಾತಾಡುತ್ತದೆ, ಎಲ್ಲಿ ಬಾಯಿ ಮುಚ್ಚುತ್ತದೆ ಎಂಬುದನ್ನು ತಿಳಿದುಕೊಂಡರೆ ಎರಡು ಸಂದೇಶಗಳನ್ನೂ ಮುಂದಕ್ಕೆ ಕಳಿಸಲು ಕೈ ಬಾರದು.

ಪಟ್ಟಣಂ ದೂರದ ಊರೇನಲ್ಲ. ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಆಲುವಾದಲ್ಲಿ ಇಳಿಯಬಹುದು. ಅಲ್ಲಿಂದ ಉತ್ತರ ಪರವೂರಿಗೆ ಬಸ್ಸು. ಪರವೂರಿನ ಪಕ್ಕದಲ್ಲೇ, ಈಗಿನ ಕಡಲಿನಿಂದ ಸುಮಾರು 4 ಕಿಲೋಮೀಟರ್ ಒಳಗೆ, ತೆಂಗಿನ ತೋಟಗಳ ನಡುವೆ ಮನೆಗಳು ಒತ್ತಾಗಿರುವ ಒಂದು ಸಾಧಾರಣ ಹಳ್ಳಿ ಅದು. ಸಂತ ತೋಮಸರು ಸ್ಥಾಪಿಸಿದರೆಂದು ನಂಬಲಾದ ಏಳು ದೇವಾಲಯಗಳಲ್ಲಿ ಒಂದಾದ ಕೋಟ್ಟಕ್ಕಾವು ಪರವೂರಿನಲ್ಲೇ ಇದೆ. ಅವರು ಹಡಗಿನಿಂದ ಇಳಿದರೆಂದು ಹೇಳುವ ಮಾಲ್ಯಂಕರವೂ ಅಲ್ಲಿಗೆ ಹತ್ತಿರ.

ಹಳೆಯ ಕಾಲದಲ್ಲಿ ಈ ಕರಾವಳಿಯಲ್ಲಿ ಮುಜಿರಿಸ್ ಎಂಬ ದೊಡ್ಡ ಬಂದರು ಇತ್ತು. ತಮಿಳು ಸಂಗಂ ಕವಿಗಳು ಅದನ್ನು ಮುಚಿರಿ ಎಂದು ಕರೆದರು. ಯವನರ ಹಡಗುಗಳು ಚಿನ್ನ ತಂದು ಕಾಳುಮೆಣಸು ಒಯ್ಯುತ್ತಿದ್ದ ಸಂಗತಿ ಅಕನಾನೂರಿನಲ್ಲಿದೆ. ಕ್ರಿ.ಶ. 1ನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಅದರ ಹೆಸರಿದೆ, ರೋಮಿನ ಪ್ಲಿನಿಯ ಬರವಣಿಗೆಯಲ್ಲೂ ಇದೆ. ವಿಯೆನ್ನಾದಲ್ಲಿರುವ 2ನೇ ಶತಮಾನದ ಒಂದು ಪಪೈರಸ್ ಹಾಳೆಯಲ್ಲಿ ಮುಜಿರಿಸ್ ವ್ಯಾಪಾರದ ಸಾಲಪತ್ರವೂ, ಸರಕಿನ ಲೆಕ್ಕವೂ ಇವೆ. ಹೆಸರು ಇಷ್ಟು ಕಡೆ ಇದ್ದರೂ ಊರು ಎಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಕೊಡುಂಗಲ್ಲೂರೇ ಇರಬೇಕೆಂದು 1945ರಲ್ಲಿ ಒಮ್ಮೆ, 1969-70ರಲ್ಲಿ ಇನ್ನೊಮ್ಮೆ ಅಲ್ಲಿ ಅಗೆದರು. ರೋಮನ್ ಕಾಲದ್ದು ಏನೂ ಸಿಗಲಿಲ್ಲ.

ಆಮೇಲೆ ಭೂವಿಜ್ಞಾನಿ ಕೆ.ಪಿ. ಶಾಜನ್ ಬೇರೆ ದಾರಿಯಿಂದ ಯೋಚಿಸಿದರು. ನಮ್ಮ ಕರಾವಳಿಯ ಹೊಳೆಗಳು ಒಂದೇ ಕಡೆ ಹರಿಯುವ ಜಾತಿಯಲ್ಲ. ಮರಳು ತಂದು ಹಾಕುತ್ತವೆ, ಅಳಿವೆ ಮುಚ್ಚುತ್ತದೆ, ಹೊಳೆ ಬೇರೆ ದಾರಿ ಹಿಡಿಯುತ್ತದೆ. ಪೆರಿಯಾರ್ ಕೂಡ ಹಿಂದೆ ಇನ್ನೂ ದಕ್ಷಿಣಕ್ಕೆ, ಪರವೂರಿನ ಕಡೆಗೆ ಹರಿಯುತ್ತಿತ್ತೆಂದು ಅವರು ಮಣ್ಣನ್ನು ನೋಡಿ ಊಹಿಸಿದರು. ಪಟ್ಟಣಂನ ಜನರಿಗೋ ಹಿತ್ತಿಲು ಅಗೆದಾಗ ಹಳೆಯ ಇಟ್ಟಿಗೆ ಸಿಗುವುದು, ಮಳೆ ಬಿದ್ದ ಮೇಲೆ ಗಾಜಿನ ಮಣಿಗಳು ಮೇಲೆ ಬರುವುದು ಹೊಸದೇನಲ್ಲ. 2004ರಲ್ಲಿ ಶಾಜನ್ ಮತ್ತು ವಿ. ಸೆಲ್ವಕುಮಾರ್ ಅಲ್ಲಿ ಸಣ್ಣ ಗುಂಡಿ ತೆಗೆದು ನೋಡಿದರು. 2007ರಿಂದ ಕೇರಳ ಇತಿಹಾಸ ಸಂಶೋಧನಾ ಮಂಡಳಿ ಪಿ.ಜೆ. ಚೆರಿಯನ್ ಅವರ ನೇತೃತ್ವದಲ್ಲಿ ವರ್ಷವರ್ಷವೂ ಉತ್ಖನನ ನಡೆಸಿತು. ಎಣ್ಣೆ, ದ್ರಾಕ್ಷಾರಸ ತುಂಬಿ ತರುತ್ತಿದ್ದ ಎರಡು ಹಿಡಿಯ ಆಂಫೋರಾ ಜಾಡಿಗಳ ಚೂರುಗಳು ಸಾವಿರಾರು ಸಂಖ್ಯೆಯಲ್ಲಿ ಸಿಕ್ಕಿದವು. ಕೆಲವು ಚೂರುಗಳ ಮಣ್ಣಿನಲ್ಲಿ ಇಟಲಿಯ ನೇಪಲ್ಸ್ ಕೊಲ್ಲಿಯ ಕಪ್ಪು ಜ್ವಾಲಾಮುಖಿ ಮರಳೇ ಇದೆ. ಜೊತೆಗೆ ಪಶ್ಚಿಮ ಏಷ್ಯಾದ ಮಡಕೆಗಳು, ಮಣಿಗಳು, ಧೂಪದ ತುಣುಕುಗಳು, ಕಾಳುಮೆಣಸಿನ ಕಾಳುಗಳು.

ಆದರೆ ಎಲ್ಲಕ್ಕಿಂತ ದೊಡ್ಡ ಸುದ್ದಿಯಾದದ್ದು 2007ರ ಗುಂಡಿಯಲ್ಲಿ ನೀರು ನಿಂತ ಕೆಸರಿನೊಳಗೆ ಸಿಕ್ಕಿದ ಒಂದು ದೋಣಿ. ಒಂದೇ ಮರದ ಕಾಂಡವನ್ನು ಕೊರೆದು ಮಾಡಿದ್ದು, ಉದ್ದ ಸುಮಾರು 6 ಮೀಟರ್. ಮರ ಹೆಬ್ಬಲಸು. ಮಲಯಾಳದಲ್ಲಿ ಆಂಜಿಲಿ, ನಮ್ಮ ತುಳುವಿನಲ್ಲಿ ಪೆಜ ಎನ್ನುವ ಅದೇ ಮರ, ಈಗಲೂ ದೋಣಿಗೆ ಬೇಕಾದದ್ದು. ದೋಣಿಯ ಪಕ್ಕದಲ್ಲಿ ಇಟ್ಟಿಗೆಯಿಂದ ಕಟ್ಟಿದ ದಕ್ಕೆಯಂತಹ ರಚನೆ, ಹಗ್ಗ ಬಿಗಿಯುವ ತೇಗದ ಗೂಟಗಳು. ದೊಡ್ಡ ಹಡಗು ಆಳ ನೀರಿನಲ್ಲಿ ನಿಂತರೆ ಸರಕು ಇಳಿಸಿ ಒಳಗೆ ತರಲು ಬೇಕಾಗುವುದು ಇಂತಹ ದೋಣಿಗಳೇ ಅಲ್ಲವೇ.

ಈಗ ಪ್ರಶ್ನೆ, ಇದು ಎಷ್ಟು ಹಳೆಯದು?

ಕಾರ್ಬನ್ ಡೇಟಿಂಗ್ ಎಂಬ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು 1988ರಲ್ಲಿ ಪರೀಕ್ಷಿಸಿದ ಟ್ಯೂರಿನ್ ವಸ್ತ್ರದ ವಿಷಯದಲ್ಲಿ. ಅದರ ಹಿಂದಿನ ಲೆಕ್ಕ ಕಷ್ಟದ್ದಲ್ಲ. ಆಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಮೇಲ್ಪದರದಲ್ಲಿ ನೈಟ್ರೋಜನ್‌ನ ಒಂದು ಸಣ್ಣ ಪಾಲನ್ನು ಇಂಗಾಲ-14 ಆಗಿ ಮಾರ್ಪಡಿಸುತ್ತಲೇ ಇರುತ್ತವೆ. ಗಾಳಿಯಲ್ಲಿ ಇದು ಸಾಮಾನ್ಯ ಇಂಗಾಲದ ಒಂದು ಲಕ್ಷ ಕೋಟಿ ಅಣುಗಳಿಗೆ ಸುಮಾರು ಒಂದು ಎಂಬಷ್ಟೇ ಇರುತ್ತದೆ. ಗಿಡಗಳು ಗಾಳಿಯಿಂದ ಇಂಗಾಲವನ್ನು ಹೀರುತ್ತವೆ, ಗಿಡ ತಿಂದ ದನಕ್ಕೆ, ನಮಗೆ ಅದು ಬರುತ್ತದೆ. ಜೀವ ಇರುವಷ್ಟು ಕಾಲ ಖರ್ಚಾದದ್ದು ತುಂಬುತ್ತಾ ಇರುತ್ತದೆ. ಮರ ಕಡಿದರೆ, ಪ್ರಾಣಿ ಸತ್ತರೆ, ಬರುವುದು ನಿಲ್ಲುತ್ತದೆ, ಇದ್ದದ್ದು ಮಾತ್ರ ಕರಗುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ. 2000 ವರ್ಷ ಕಳೆದರೆ ನೂರಕ್ಕೆ ಸುಮಾರು 78 ಪಾಲು ಉಳಿದಿರುತ್ತದೆ. ಉಳಿದದ್ದನ್ನು ಅಳೆದರೆ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. 1949ರಲ್ಲಿ ಷಿಕಾಗೋದ ವಿಲಾರ್ಡ್ ಲಿಬ್ಬಿ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು, 1960ರಲ್ಲಿ ಲಿಬ್ಬಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಲಿಬ್ಬಿಯ ಮೊದಲ ಪರೀಕ್ಷೆಗಳಲ್ಲಿ ಒಂದು ನಮಗೆ ಹತ್ತಿರದ್ದು. ಮೃತಸಮುದ್ರದ ಹತ್ತಿರದ ಗುಹೆಯಲ್ಲಿ ಸಿಕ್ಕಿದ ಬೈಬಲ್ ಸುರುಳಿಗಳಿಗೆ ಸುತ್ತಿದ್ದ ನಾರುಬಟ್ಟೆಯ ತುಂಡನ್ನು ಅವರಿಗೆ ಕೊಟ್ಟಿದ್ದರು. ಬಂದ ಉತ್ತರ ಕ್ರಿ.ಶ. 33, ಅದರ ಮುಂದೆ ಕೂಡಿಸು-ಕಳೆ ಚಿಹ್ನೆ, ಅದರ ಮುಂದೆ 200. ಯೇಸುಸ್ವಾಮಿ ಶಿಲುಬೆಗೇರಿದ ಕಾಲವೆಂದು ನಾವು ಎಣಿಸುವ 33 ಎಂಬ ಸಂಖ್ಯೆಯನ್ನು ನೋಡಿ ರೋಮಾಂಚನವಾಗಬಹುದು. ಆದರೆ ಆ 33ಕ್ಕೆ ತಾನಾಗಿ ಯಾವ ಬೆಲೆಯೂ ಇಲ್ಲ. ಉತ್ತರದ ಅರ್ಥ ಇಷ್ಟೇ: ಈ ಬಟ್ಟೆಯ ಅಗಸೆ ಗಿಡವನ್ನು ಕ್ರಿ.ಪೂ. 2ನೇ ಶತಮಾನಕ್ಕೂ ಕ್ರಿ.ಶ. 3ನೇ ಶತಮಾನಕ್ಕೂ ನಡುವೆ ಎಲ್ಲೋ ಕಿತ್ತಿದ್ದಾರೆ. ಅದೂ ದೊಡ್ಡ ಸುದ್ದಿಯೇ ಆಗಿತ್ತು, ಏಕೆಂದರೆ ಆ ಸುರುಳಿಗಳು ಮಧ್ಯಯುಗದವೆಂದು ವಾದಿಸುವವರೂ ಇದ್ದರು.

ಈಗಿನ ಯಂತ್ರಗಳು ತುಂಬ ಸೂಕ್ಷ್ಮ. ವೇಗವರ್ಧಕ ಯಂತ್ರದಲ್ಲಿ ಇಂಗಾಲ-14ರ ಅಣುಗಳನ್ನೇ ಎಣಿಸುತ್ತಾರೆ. ಭತ್ತದ ಒಂದು ಕಾಳು ಸಾಕು. ಪಟ್ಟಣಂನ ಮೊದಲ ಮಾದರಿಗಳನ್ನು ಅಳೆದದ್ದು ಭುವನೇಶ್ವರದ ಭೌತಶಾಸ್ತ್ರ ಸಂಸ್ಥೆಯ ಇಂತಹ ಯಂತ್ರದಲ್ಲಿ, ಫಲಿತಾಂಶ 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೋಣಿ ಮತ್ತು ಗೂಟಗಳ ಮರ ಕ್ರಿ.ಪೂ. 1ನೇ ಶತಮಾನದ ಸುಮಾರಿನದು. ಕೆಳಗಿನ ಪದರದ ಇದ್ದಿಲು ಇನ್ನೂ ಹಳೆಯದು, ಕ್ರಿ.ಪೂ. 500ರ ಆಸುಪಾಸಿನದು.

ಯಂತ್ರ ಎಷ್ಟೇ ಸೂಕ್ಷ್ಮವಾದರೂ ಲೆಕ್ಕ ನೋಡಿ. ಕ್ರಿ.ಪೂ. 50ರಲ್ಲಿ ಕಡಿದ ಮರಕ್ಕೂ ಕ್ರಿ.ಶ. 52ರಲ್ಲಿ ಕಡಿದ ಮರಕ್ಕೂ ಇಂಗಾಲ-14ರಲ್ಲಿ ಇರುವ ವ್ಯತ್ಯಾಸ ನೂರಕ್ಕೆ ಸುಮಾರು 1.2 ಪಾಲು. ಅಳತೆಯಲ್ಲಿ ನೂರಕ್ಕೆ ಅರ್ಧ ಪಾಲು ಆಚೀಚೆಯಾದರೂ 40 ವರ್ಷ ಸರಿಯುತ್ತದೆ. ಆದ್ದರಿಂದ ಪ್ರಯೋಗಾಲಯ ಯಾವತ್ತೂ ಒಂದು ವರ್ಷವನ್ನು ಹೇಳುವುದಿಲ್ಲ, ಇಂತಹ ವರ್ಷದಿಂದ ಇಂತಹ ವರ್ಷದ ನಡುವೆ ಎನ್ನುತ್ತದೆ. ಪಟ್ಟಣಂನ ಯಾವುದೇ ಮರದ ತುಂಡಿನ ಮೇಲೆ "ಕ್ರಿ.ಶ. 52" ಎಂದು ಬರೆಯಲು ಈ ವಿಧಾನದಿಂದ ಸಾಧ್ಯವೇ ಇಲ್ಲ. ಮೊದಲನೆಯ ವಾಟ್ಸಾಪ್ ಸಂದೇಶ ಬಿದ್ದುಹೋಗುವುದು ಇಲ್ಲೇ.

ಇನ್ನೂ ಒಂದೆರಡು ತೊಡಕುಗಳಿವೆ. ಗಾಳಿಯಲ್ಲಿ ಇಂಗಾಲ-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿರಲಿಲ್ಲ. ಆದ್ದರಿಂದ ಬಂದ ಸಂಖ್ಯೆಯನ್ನು, ವರ್ಷಕ್ಕೊಂದು ಉಂಗುರದಂತೆ ಎಣಿಸಬಲ್ಲ ಹಳೆಯ ಮರಗಳ ಜೊತೆ ಹೋಲಿಸಿ ತಿದ್ದಬೇಕು. ಹಾಗೆ ತಿದ್ದುವಾಗ ಕ್ರಿ.ಪೂ. 800ರಿಂದ 400ರವರೆಗಿನ ಭಾಗ ಹೆಚ್ಚು ಕಡಿಮೆ ಸಪಾಟಾಗಿ ಬರುತ್ತದೆ. ಆ ನಾಲ್ಕು ಶತಮಾನಗಳಲ್ಲಿ ಕಡಿದ ಮರಗಳೆಲ್ಲ ಬಹುಪಾಲು ಒಂದೇ ವಯಸ್ಸಿನವಂತೆ ಕಾಣುತ್ತವೆ. ಪಟ್ಟಣಂನ ತಳದ ಪದರದ "ಕ್ರಿ.ಪೂ. 500" ಎಂಬುದನ್ನು ಓದುವಾಗ ಈ ಸಡಿಲವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪತ್ರಿಕೆಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಮರದ ವಯಸ್ಸೆಂದರೆ ಮರದ ಯಾವ ಭಾಗದ ವಯಸ್ಸು? ಮರದ ಒಳತಿರುಳು ಮರ ಬದುಕಿರುವಾಗಲೇ ಗಾಳಿಯ ಲೆಕ್ಕದಿಂದ ಹೊರಗಾಗಿರುತ್ತದೆ. ನೂರೈವತ್ತು ವರ್ಷದ ತೇಗವನ್ನು ಇವತ್ತು ಕಡಿದು ತಿರುಳಿನಿಂದ ಚೂರು ತೆಗೆದರೆ ಅದು ನೂರೈವತ್ತು ವರ್ಷ ಹಳೆಯದೆಂದೇ ಯಂತ್ರ ಹೇಳುತ್ತದೆ. ಅದರ ಮೇಲೆ, ತೇಗವನ್ನು ಯಾರೂ ಬಿಸಾಡುವುದಿಲ್ಲ. ಅಜ್ಜನ ಮನೆಯ ತೊಲೆ ಮೊಮ್ಮಗನ ಮನೆಯ ಬಾಗಿಲಾಗುವುದು ನಮ್ಮ ಊರುಗಳಲ್ಲಿ ಈಗಲೂ ಇದೆ. ಆದ್ದರಿಂದ ಕ್ರಿ.ಪೂ. 1ನೇ ಶತಮಾನದ ಮರದ ಗೂಟ ಕ್ರಿ.ಶ. 1ನೇ ಶತಮಾನದ ದಕ್ಕೆಯಲ್ಲೂ ನಿಂತಿರಬಹುದು. ಈ ಕಾರಣಕ್ಕೇ ಮರದ ಲೆಕ್ಕವನ್ನು ಒಂಟಿಯಾಗಿ ಓದಬಾರದು, ಅದೇ ಪದರದ ಮಡಕೆಯ ಚೂರುಗಳ ಜೊತೆ ಓದಬೇಕು. ಪಟ್ಟಣಂನಲ್ಲಿ ಎರಡೂ ಹೊಂದಿಕೊಳ್ಳುತ್ತವೆ: ಕ್ರಿಸ್ತಜನನದ ಆಚೀಚೆಯ ಶತಮಾನಗಳಲ್ಲಿ ಆ ಬಂದರು ಭರ್ತಿ ವ್ಯಾಪಾರದಲ್ಲಿತ್ತು.

ಕರಾವಳಿಯ ಉತ್ಖನನದಲ್ಲಿ ಕಡಲೇ ಒಂದು ಮೋಸ ಮಾಡುತ್ತದೆ. ಆಳದ ನೀರು ಬಹಳ ಕಾಲ ಗಾಳಿಯನ್ನು ಕಾಣದೆ ಇರುವುದರಿಂದ ಅದರಲ್ಲಿನ ಇಂಗಾಲ ಹಳೆಯದು. ಅದು ಮೇಲಿನ ನೀರಿಗೆ ಬೆರೆಯುತ್ತದೆ. ಕಡಲಿನ ಮರುವಾಯಿ ಚಿಪ್ಪನ್ನು ಅಳೆದರೆ ಅದು ಸಾಮಾನ್ಯವಾಗಿ ತನ್ನ ನಿಜ ವಯಸ್ಸಿಗಿಂತ ಸುಮಾರು 400 ವರ್ಷ ಹೆಚ್ಚು ಹಳೆಯದರಂತೆ ಕಾಣುತ್ತದೆ. ಮೀನು ತಿಂದೇ ಬೆಳೆದವರ ಮೂಳೆಗೂ ಅದೇ ಗತಿ. ಬಂಗುಡೆ, ಬೂತಾಯಿ ಇಲ್ಲದೆ ಊಟ ಇಳಿಯದ ನಮ್ಮಂಥವರನ್ನು ಮುಂದೆ ಯಾರಾದರೂ ಅಗೆದರೆ ನಾವು ಹುಟ್ಟುವ ಮೊದಲೇ ಸತ್ತವರಾಗುತ್ತೇವೆ!

ಇದು ಬರೀ ತಮಾಷೆಯಲ್ಲ. ಇಂಗ್ಲೆಂಡಿನ ರೆಪ್ಟನ್ ಎಂಬ ಊರಿನ ಸಂತ ವಿಸ್ಟನ್ ದೇವಾಲಯದ ಪಕ್ಕ ಕನಿಷ್ಠ 264 ಜನರ ಮೂಳೆಗಳ ಒಂದು ರಾಶಿ ಸಿಕ್ಕಿತ್ತು. 873ರ ಚಳಿಗಾಲದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ವೈಕಿಂಗ್ ಸೈನ್ಯದವರದ್ದೆಂದು ಅಗೆದವರು ಹೇಳಿದರು. ಆದರೆ ಇಂಗಾಲದ ಲೆಕ್ಕದಲ್ಲಿ ಕೆಲವು ಮೂಳೆಗಳು ನೂರು, ಇನ್ನೂರು ವರ್ಷ ಹೆಚ್ಚು ಹಳೆಯವೆಂದು ಬಂತು. ಬಹಳ ವರ್ಷ ಗೊಂದಲವಿತ್ತು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಜನ ಎಷ್ಟು ಮೀನು ತಿಂದಿದ್ದರೆಂದು ಲೆಕ್ಕ ಹಾಕಿ ತಿದ್ದಿದಾಗ ಎಲ್ಲ ಮೂಳೆಗಳೂ 9ನೇ ಶತಮಾನದ ಆ ಸೈನ್ಯದ ಕಾಲಕ್ಕೆ ಬಂದು ಕೂತವು.

ಪಟ್ಟಣಂನಲ್ಲಿ ಮೂಳೆಗಳ ಕಷ್ಟವೇ ಬೇರೆ. ನಮ್ಮ ಕಡೆಯ ಮಣ್ಣು ಹುಳಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಉಳಿದ ಕಾಲ ಸೆಖೆ. ಮೂಳೆ ಬಹುಬೇಗ ಕರಗುತ್ತದೆ. ಸಿಕ್ಕಿದ್ದು ಸಣ್ಣ ಸಣ್ಣ ತುಣುಕುಗಳು. ಹಾಗಾಗಿ ಆ ಊರಿನ ಕಾಲಗಣನೆ ನಿಂತಿರುವುದು ಮುಖ್ಯವಾಗಿ ಮರ, ಇದ್ದಿಲುಗಳ ಮೇಲೆ. ಕೆಸರಿನಲ್ಲಿ ಗಾಳಿ ತಾಗದೆ ಉಳಿದ ಆ ದೋಣಿ ನಮ್ಮ ಕರಾವಳಿಯಲ್ಲಿ ಸಿಗುವುದೇ ಅಪರೂಪ.

ಎರಡನೆಯ ಸಂದೇಶಕ್ಕೆ ಬರೋಣ. ಪಟ್ಟಣಂನ 1ನೇ ಶತಮಾನದ ಪದರಗಳಿಂದ ಕ್ರೈಸ್ತರದ್ದೆಂದು ನಿಸ್ಸಂದೇಹವಾಗಿ ಹೇಳಬಲ್ಲ ವಸ್ತು ಬಂದಿಲ್ಲ, ನಿಜ. ಆದರೆ 1ನೇ ಶತಮಾನದಲ್ಲಿ ಅಂತಹ ವಸ್ತು ಎಲ್ಲಿ ಸಿಕ್ಕಿದೆ? ಸಂತ ಪೌಲರು ಪತ್ರ ಬರೆದ ಕೊರಿಂಥದಲ್ಲಿ? ರೋಮಿನಲ್ಲಿ? ಆಗಿನ ವಿಶ್ವಾಸಿಗಳು ಸೇರುತ್ತಿದ್ದದ್ದು ಯಾರದಾದರೂ ಮನೆಯಲ್ಲಿ, ರೊಟ್ಟಿ ಮುರಿಯುತ್ತಿದ್ದದ್ದು ಮನೆಯ ತಟ್ಟೆಯಲ್ಲೇ. ರೋಮಿನ ನೆಲಮಾಳಿಗೆ ಸಮಾಧಿಗಳ ಚಿತ್ರಗಳು ಸುಮಾರು ಕ್ರಿ.ಶ. 200ರಿಂದ ಶುರುವಾಗುತ್ತವೆ. ಸಿರಿಯಾದ ದೂರಾ-ಯೂರೋಪಸ್‌ನಲ್ಲಿ ಸಿಕ್ಕಿದ, ಮನೆಯನ್ನೇ ಮಾರ್ಪಡಿಸಿ ಮಾಡಿದ ದೇವಾಲಯ 3ನೇ ಶತಮಾನದ್ದು. ಶಿಲುಬೆ ನಮ್ಮ ಗುರುತಾದದ್ದು ಇನ್ನೂ ತಡವಾಗಿ. ಹೀಗಿರುವಾಗ ಕ್ರಿ.ಶ. 52ರ ಶಿಲುಬೆ ಸಿಗಲಿಲ್ಲ ಎನ್ನುವುದು ವಾದವೇ ಅಲ್ಲ. ಒಬ್ಬ ಯೆಹೂದಿ ಪ್ರಯಾಣಿಕ ಹಡಗಿನಿಂದ ಇಳಿದು ಹೋದದ್ದು ಮಣ್ಣಿನಲ್ಲಿ ಗುರುತು ಬಿಡುವ ಘಟನೆಯಲ್ಲ.

ಹಾಗಾದರೆ ಬರವಣಿಗೆಯಲ್ಲಿ ಏನಿದೆ? 'ತೋಮಸರ ಕಾರ್ಯಗಳು' ಎಂಬ ಸಿರಿಯಾಕ್ ಗ್ರಂಥ 3ನೇ ಶತಮಾನದ ಆರಂಭದ್ದು. ಅದರಲ್ಲಿ ಬರುವ ಅರಸ ಗುಂಡಫರ್ ವಾಯವ್ಯ ಭಾರತದಲ್ಲಿ ಆಳಿದ್ದು ಅವನ ನಾಣ್ಯಗಳಿಂದ ಗೊತ್ತಾಗಿದೆ, ಆದರೆ ಆ ಕತೆ ನಡೆಯುವುದು ಕೇರಳದಲ್ಲಲ್ಲ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವ್ಯಾಪಾರಿ, ಮೆಣಸು ಬೆಳೆಯುವ ಮಲೆ ಎಂಬ ಕಡೆ ಕ್ರೈಸ್ತರಿದ್ದಾರೆ, ಕಲ್ಯಾಣದಲ್ಲಿ ಪರ್ಷಿಯಾದಿಂದ ಬಂದ ಬಿಷಪರಿದ್ದಾರೆ ಎಂದು ಬರೆದ. ಆ ಕಲ್ಯಾಣ ಮುಂಬಯಿ ಹತ್ತಿರದ್ದೆಂದು ಹೆಚ್ಚಿನವರು, ನಮ್ಮ ಉಡುಪಿ ಹತ್ತಿರದ ಕಲ್ಯಾಣಪುರವೆಂದು ಕೆಲವರು ಹೇಳುತ್ತಾರೆ. 849ರ ಸುಮಾರಿಗೆ ಕೊಲ್ಲಂನಲ್ಲಿ ತರಿಸಾಪಳ್ಳಿ ಎಂಬ ದೇವಾಲಯಕ್ಕೆ ಕೊಟ್ಟ ತಾಮ್ರಪಟಗಳು ಇವತ್ತಿಗೂ ಇವೆ. ಕೇರಳದ ಕ್ರೈಸ್ತರ ಬಗ್ಗೆ ಕೈಯಲ್ಲಿ ಹಿಡಿದು ನೋಡಬಹುದಾದ ಹಳೆಯ ದಾಖಲೆ ಅದೇ.

1ನೇ ಶತಮಾನಕ್ಕೂ ಈ ದಾಖಲೆಗಳಿಗೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ಪಟ್ಟಣಂ ತುಂಬಲಿಲ್ಲ. ಅದು ಮಾಡಿದ್ದು ಬೇರೆ ಕೆಲಸ. ಇಪ್ಪತ್ತು ವರ್ಷಗಳ ಹಿಂದೆ ಈ ಪರಂಪರೆಯನ್ನು ಕೇಳಿದ ಯಾರಾದರೂ "ಆ ಕಾಲದಲ್ಲಿ ಪ್ಯಾಲೆಸ್ತೀನಿನ ಕಡೆಯಿಂದ ಒಬ್ಬ ಮನುಷ್ಯ ಇಲ್ಲಿಗೆ ಬರುವುದಾದರೂ ಹೇಗೆ, ಆ ಬಂದರು ಎಲ್ಲಿದೆ ತೋರಿಸಿ" ಎಂದರೆ ತೋರಿಸಲು ಹಳೆಯ ಪುಸ್ತಕಗಳ ಹೊರತು ಏನೂ ಇರಲಿಲ್ಲ. ಈಗ ದಕ್ಕೆ ಇದೆ, ದೋಣಿ ಇದೆ. ಮೆಡಿಟರೇನಿಯನ್ ಕಡಲಿನ ಜಾಡಿಗಳು ರಾಶಿ ಬಿದ್ದಿವೆ, ಮತ್ತು ಅವುಗಳ ಕಾಲ ಪ್ರೇಷಿತರ ಕಾಲಕ್ಕೆ ಹೊಂದುತ್ತದೆ. ದಾರಿ ಇತ್ತು, ಆ ದಾರಿಯಲ್ಲಿ ಜನ ಓಡಾಡುತ್ತಿದ್ದರು. ಪ್ರಯಾಣಿಕರ ಹೆಸರಿನ ಪಟ್ಟಿಯನ್ನು ಇಂಗಾಲ-14 ಕೊಡಲಾರದು. ಅದು ಕೊಟ್ಟಿತೆಂದು ನಾವು ಹೇಳಿಕೊಂಡರೆ, ನಾಳೆ ಯಾರೋ ಭೌತಶಾಸ್ತ್ರ ಓದಿದ ನಮ್ಮದೇ ಹುಡುಗಿ ಎದ್ದು ಪ್ರಶ್ನೆ ಕೇಳುತ್ತಾಳೆ. ಆಗ ಅವಳಿಗೆ ವಿಶ್ವಾಸದ ಮೇಲೂ ಅನುಮಾನ ಬಂದರೆ ತಪ್ಪು ಅವಳದ್ದಲ್ಲ.

ಪಟ್ಟಣಂ ಎಂದರೆ ಮುಜಿರಿಸ್ಸೇ ಎಂಬುದನ್ನೂ ಎಲ್ಲರೂ ಒಪ್ಪಿಲ್ಲ. ಊರಿನ ಹೆಸರು ಕೆತ್ತಿದ ಒಂದು ಕಲ್ಲೂ ಅಲ್ಲಿ ಸಿಕ್ಕಿಲ್ಲ, ಕೆಲವು ಹಿರಿಯ ಇತಿಹಾಸಕಾರರು ಬಹಿರಂಗವಾಗಿಯೇ ಆಕ್ಷೇಪಿಸಿದ್ದಾರೆ. ಬಂದರು ಒಂದೇ ಕಡೆ ಇರದೆ ಹೊಳೆಯ ಉದ್ದಕ್ಕೂ ಹರಡಿಕೊಂಡಿತ್ತು, ಅದರ ಒಂದು ಭಾಗ ಪಟ್ಟಣಂ ಎನ್ನುವುದು ನನಗೆ ಸರಿಯೆನಿಸುತ್ತದೆ.

ಕಡಲು ಹಿಂದೆ ಸರಿದು ದೋಣಿಯನ್ನು ಗದ್ದೆಯಲ್ಲಿ ಬಿಟ್ಟುಹೋಗುವ ಇನ್ನೊಂದು ಉದಾಹರಣೆ ಆಲಪ್ಪುಳ ಜಿಲ್ಲೆಯ ಚೇರ್ತಲ ಹತ್ತಿರದ ತೈಕ್ಕಲ್‌ನಲ್ಲಿದೆ. 2002ರಲ್ಲಿ ಅಲ್ಲಿ ಸುಮಾರು 18 ಮೀಟರ್ ಉದ್ದದ ಹಾಯಿಹಡಗಿನ ಅವಶೇಷ ಗದ್ದೆಯ ಅಡಿಯಲ್ಲಿ ಸಿಕ್ಕಿತು. ಅದೂ ಹೆಬ್ಬಲಸಿನದ್ದೇ. ಅದರ ಮರದ ಇಂಗಾಲದ ಲೆಕ್ಕ ಬಂದದ್ದು 11ರಿಂದ 15ನೇ ಶತಮಾನದ ನಡುವೆ, ನಾನೂರು ವರ್ಷಗಳ ಅಗಲಕ್ಕೆ. ವಾಸ್ಕೋ ಡ ಗಾಮ ಬರುವ ಮೊದಲಿನದೆಂದು ಹೇಳಲು ಅಷ್ಟು ಸಾಕು, ಯಾವ ಅರಸನ ಕಾಲದ್ದೆಂದು ಹೇಳಲು ಸಾಲದು.

ಪಟ್ಟಣಂನ ಹಳೆಯ ನೆಲೆ ಸುಮಾರು 45 ಹೆಕ್ಟೇರ್ ಇದೆ. ಅಗೆದಿರುವುದು ಅದರಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಉಳಿದದ್ದೆಲ್ಲ ಜನರ ಮನೆ, ಹಿತ್ತಿಲು, ತೋಟಗಳ ಅಡಿಯಲ್ಲಿದೆ, ಮತ್ತು ಅಲ್ಲಿಯೂ ಹೊಸ ಮನೆಗೆ ಅಡಿಪಾಯ ತೋಡುತ್ತಲೇ ಇದ್ದಾರೆ.